ವಿಂಡೋಸ್: ಹೊರಗೊಂದು ಅಂಕಿ, ಒಳಗೊಂದು ಅಂಕಿ

2009ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ 7 ಇದ್ದ ಕಂಪ್ಯೂಟರನ್ನು ‘ನಿನ್ನ ಆವೃತ್ತಿ ಯಾವುದು?’ ಎಂದು ಕೇಳಿದರೆ, ಅದು ಕೊಡುತ್ತಿದ್ದ ಉತ್ತರ 7 ಅಲ್ಲ, 6.1. ಇದು ಕಣ್ತಪ್ಪಿನಿಂದ ಆದದ್ದಲ್ಲ. ಮೈಕ್ರೋಸಾಫ್ಟ್ ಕಂಪನಿ ಬೇಕೆಂದೇ ಹಾಗೆ ಇಟ್ಟಿತ್ತು. ಏಕೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಂತ್ರಾಂಶಗಳಿಗೆ ಆವೃತ್ತಿಯ ಅಂಕಿ ಹಾಕುವುದು ಹಳೆಯ ಪದ್ಧತಿ. ದೊಡ್ಡ ಬದಲಾವಣೆಯಾದರೆ ಚುಕ್ಕೆಯ ಹಿಂದಿನ ಅಂಕಿ ಏರುತ್ತದೆ, ಸಣ್ಣದಾದರೆ ಮುಂದಿನದು. 1985ರಲ್ಲಿ ವಿಂಡೋಸ್ 1.0 ಬಂತು, 1992ರಲ್ಲಿ 3.1. ಆಮೇಲೆ ವ್ಯಾಪಾರದವರ ಕೈ ಮೇಲಾಯಿತು. ಒಮ್ಮೆ ಇಸವಿಯೇ ಹೆಸರಾಯಿತು (95, 98, 2000), ಇನ್ನೊಮ್ಮೆ ಎಕ್ಸ್‌ಪಿ, ವಿಸ್ಟಾ ಎಂಬ ಹೆಸರುಗಳು ಬಂದವು. ಇವೆಲ್ಲ ಅಂಗಡಿಯ ಫಲಕಕ್ಕೆ ಮಾತ್ರ. ಒಳಗೆ ಹಳೆಯ ಎಣಿಕೆ ನಡೆದೇ ಇತ್ತು. ನಾವು ಕೊಂಡು ತಂದ ಪ್ರೋಗ್ರಾಂಗಳು ನೋಡುವುದು ಆ ಒಳಗಿನ ಅಂಕಿಯನ್ನೇ.

ತೊಂದರೆ ಹುಟ್ಟಿದ್ದು ಅಲ್ಲಿ. ಒಬ್ಬ ಕಾವಲುಗಾರನಿಗೆ ‘ಮಾರ್ಚ್ 10ರಿಂದ ಈಚೆಗೆ ಬಂದವರನ್ನು ಒಳಗೆ ಬಿಡು’ ಎಂದು ಹೇಳಿದ್ದೀರಿ ಎಂದುಕೊಳ್ಳಿ. ಆತ ತಿಂಗಳನ್ನೂ ತಾರೀಖನ್ನೂ ಬೇರೆ ಬೇರೆಯಾಗಿ ನೋಡುತ್ತಾನೆ. ಏಪ್ರಿಲ್ 2ರಂದು ಒಬ್ಬರು ಬರುತ್ತಾರೆ. ತಿಂಗಳು ಸರಿ, ಆದರೆ ತಾರೀಖು 10 ಆಗಿಲ್ಲವಲ್ಲ! ವಾಪಸು ಕಳಿಸಿಬಿಡುತ್ತಾನೆ. ಎಷ್ಟೋ ಪ್ರೋಗ್ರಾಂಗಳು ಹೀಗೇ ಲೆಕ್ಕ ಹಾಕುತ್ತಿದ್ದವು. ವಿಂಡೋಸ್ 3.1 ತನ್ನೊಳಗೆ 3 ಮತ್ತು 10 ಎಂದು ಬರೆದುಕೊಂಡಿತ್ತು. ವಿಂಡೋಸ್ 95ರ ನಿಜವಾದ ಅಂಕಿ 4.0. ಹಿಂದಿನದು 4, ಸರಿ. ಮುಂದಿನದು ಸೊನ್ನೆ, ಅದು ಹತ್ತಕ್ಕಿಂತ ಕಡಿಮೆ. ‘ನಿಮ್ಮ ವಿಂಡೋಸ್ ಹಳೆಯದು’ ಎಂದು ಪ್ರೋಗ್ರಾಂ ಬಾಗಿಲು ಹಾಕಿಕೊಳ್ಳುತ್ತಿತ್ತು. ದುಡ್ಡು ಕೊಟ್ಟು ಹೊಸ ವಿಂಡೋಸ್ ತಂದವನು ಬೈಯುವುದು ಪ್ರೋಗ್ರಾಂ ಬರೆದವನನ್ನಲ್ಲ, ವಿಂಡೋಸನ್ನೇ. ಹಾಗಾಗಿ 95, ಹಳೆಯ ಪ್ರೋಗ್ರಾಂಗಳು ಕೇಳಿದಾಗ ತಾನು 3.95 ಎಂದು ಸುಳ್ಳು ಹೇಳುತ್ತಿತ್ತು.

ಅದೇ ತಪ್ಪು ಹನ್ನೆರಡು ವರ್ಷಗಳ ನಂತರ ಮರುಕಳಿಸಿತು. 2001ರ ಎಕ್ಸ್‌ಪಿಯ ಒಳ ಅಂಕಿ 5.1. ಕನ್ನಡದವರಿಗೆ ಇದು ನೆನಪಿಡಬೇಕಾದ ಅಂಕಿ. 5.0 ಆಗಿದ್ದ ವಿಂಡೋಸ್ 2000ದಲ್ಲಿ ಹಿಂದಿಗೂ ತಮಿಳಿಗೂ ಜಾಗವಿತ್ತು, ನಮಗಿರಲಿಲ್ಲ. ಯೂನಿಕೋಡ್ ಕನ್ನಡ ‘ತುಂಗಾ’ ಎಂಬ ಅಕ್ಷರಶೈಲಿಯೊಡನೆ ವಿಂಡೋಸಿಗೆ ಬಂದದ್ದು ಎಕ್ಸ್‌ಪಿಯಲ್ಲಿ. ಆದ್ದರಿಂದ ಅಂಥ ಕನ್ನಡವನ್ನು ನೆಚ್ಚಿಕೊಂಡ ಪ್ರೋಗ್ರಾಂ ‘ಕನಿಷ್ಠ 5.1 ಇರಲಿ’ ಎಂದು ಕೇಳುವುದು ನ್ಯಾಯವೇ. ಆದರೆ ಕಾವಲುಗಾರನ ಲೆಕ್ಕದಲ್ಲಿ ಕೇಳಿದರೆ, 2007ರಲ್ಲಿ ಜನರ ಕೈಗೆ ಬಂದ ವಿಸ್ಟಾ, ಅಂದರೆ 6.0, ನಪಾಸು. ವಿಸ್ಟಾಕ್ಕೆ ಬಂದ ಕೆಟ್ಟ ಹೆಸರಿನಲ್ಲಿ ಈ ಸೊನ್ನೆಯ ಪಾಲೂ ಇದೆ.

ಮುಂದಿನದಕ್ಕೆ, ವಿಸ್ಟಾ ಆರಾದರೆ ಇದು ಏಳು ಎಂಬ ಲೆಕ್ಕದಲ್ಲೇ ಹೆಸರಿಟ್ಟರು. ಒಳಗೆ ಮಾತ್ರ 7.0 ಎಂದು ಬರೆಯುವ ಧೈರ್ಯ ಮಾಡಲಿಲ್ಲ. 6.1 ಎಂದರೆ ಎರಡೂ ಪರೀಕ್ಷೆಯಲ್ಲಿ ಪಾಸು. ವಿಂಡೋಸ್ 8 ಹೀಗೆ 6.2 ಆಯಿತು. 2013ರ 8.1ರ ಹೊತ್ತಿಗೆ ಕಂಪನಿ ಇನ್ನೊಂದು ಉಪಾಯ ಹೂಡಿತು. ತನಗೆ ಯಾವ ಯಾವ ವಿಂಡೋಸಿನ ಪರಿಚಯವಿದೆ ಎಂದು ಪ್ರೋಗ್ರಾಂ ಮೊದಲೇ ತಿಳಿಸಬೇಕು. ತಿಳಿಸದಿದ್ದರೆ ಅದಕ್ಕೆ ಸಿಗುವ ಉತ್ತರ 6.2. ನೀವೇ ಹೇಳಿಸಬಹುದಾದ ಸುಳ್ಳೂ ಒಂದಿದೆ: ಪ್ರೋಗ್ರಾಂನ ಗುಣಲಕ್ಷಣಗಳ ಪಟ್ಟಿಯಲ್ಲಿ ‘ಕಂಪ್ಯಾಟಿಬಿಲಿಟಿ’ ಎಂಬಲ್ಲಿ ಹಳೆಯ ವಿಂಡೋಸ್ ಒಂದನ್ನು ಆರಿಸಿದರೆ, ಆ ಪ್ರೋಗ್ರಾಂಗೆ ಆ ಹಳೆಯ ಅಂಕಿಯೇ ಕಾಣುತ್ತದೆ.

2015ರಲ್ಲಿ ಒಂಬತ್ತನ್ನು ಹಾರಿ 10 ಬಂತು. 95, 98ರ ಜತೆ ಗೊಂದಲವಾದೀತೆಂದು 9 ಬಿಟ್ಟರು ಎಂಬ ಕಥೆ ಹಬ್ಬಿತು, ಆದರೆ ಕಂಪನಿ ಅದನ್ನು ಒಪ್ಪಿದ್ದಿಲ್ಲ. ಆಗ ಹೊರ ಅಂಕಿ, ಒಳ ಅಂಕಿ ಎರಡೂ ಮತ್ತೆ ಒಂದಾದವು: 10, 10.0. ಆ ಹೊಂದಾಣಿಕೆ ಆರು ವರ್ಷ ಬಾಳಿತು. 2021ರಲ್ಲಿ ಬಂದ ವಿಂಡೋಸ್ 11 ಒಳಗೆ ಇನ್ನೂ 10.0. ಅದು ಹನ್ನೊಂದೆಂದು ಗೊತ್ತಾಗಬೇಕಾದರೆ ಮೂರನೆಯ ಅಂಕಿ ನೋಡಬೇಕು. ಅದು 22000 ಅಥವಾ ಹೆಚ್ಚು ಇರುತ್ತದೆ.