ಮಾತನ್ನು ಬಚ್ಚಿಟ್ಟ ತಾಯಂದಿರು

1945ರ ಮಾರ್ಚ್ ತಿಂಗಳ ಒಂದೇ ರಾತ್ರಿ ಅಮೆರಿಕದ ವಿಮಾನಗಳು ಟೋಕಿಯೋ ನಗರದ ಮೇಲೆ ಸುರಿಸಿದ ಬೆಂಕಿಗೆ ಸುಮಾರು ಒಂದು ಲಕ್ಷ ಜನ ಆಹುತಿಯಾದರು. ಆಗಸ್ಟ್‌ನಲ್ಲಿ ಜಪಾನ್ ಶರಣಾಯಿತು. ಗೆದ್ದವರ ಸೇನೆ ಬಂದು ಬೀಡುಬಿಟ್ಟಿತು. ಹಸಿವಿನಿಂದ ಕಂಗೆಟ್ಟಿದ್ದ ಮನೆಗಳ ಹೆಣ್ಣುಮಕ್ಕಳು ಆ ಸೇನೆಯ ಕಚೇರಿ, ಅಂಗಡಿ, ಭೋಜನಶಾಲೆಗಳಲ್ಲಿ ದುಡಿಮೆಗೆ ಸೇರಿದರು. ನಿನ್ನೆ ಶತ್ರುವಾಗಿದ್ದವನು ಇಂದು ಪರಿಚಿತನಾದ. ಕೆಲವರಿಗೆ ಪತಿಯೂ ಆದ. ಮುಂದಿನ ಒಂದೂವರೆ ದಶಕದಲ್ಲಿ ಹೀಗೆ ಸೈನಿಕರ ಕೈ ಹಿಡಿದು ಸಾಗರ ದಾಟಿದ ಜಪಾನೀ ಸ್ತ್ರೀಯರ ಸಂಖ್ಯೆ ನಲವತ್ತೈದು ಸಾವಿರಕ್ಕೂ ಮಿಗಿಲು ಎಂದು ಅಂದಾಜು. ತಾಯ್ನಾಡಿನವರು ಅವರನ್ನು ಕರೆದದ್ದು 'ಸೆನ್ಸೋ ಹನಾಯೋಮೆ', ಅರ್ಥಾತ್ ಯುದ್ಧವಧು ಎಂದು. ಆ ಪದದಲ್ಲಿ ಗೌರವಕ್ಕಿಂತ ತಿರಸ್ಕಾರವೇ ಹೆಚ್ಚಾಗಿತ್ತು.

ಮದುವೆಯೇನೂ ಸುಲಭವಾಗಿರಲಿಲ್ಲ. ಜಪಾನೀಯರಿಗೆ ಅಮೆರಿಕದ ವಲಸೆಯ ಬಾಗಿಲನ್ನು 1924ರ ಕಾನೂನು ಮುಚ್ಚಿತ್ತು. ಯೂರೋಪಿನ ವಧುಗಳಿಗೆ 1945ರಲ್ಲೇ ದೊರೆತ ಪ್ರವೇಶ ಇವರಿಗೆ ದೊರೆಯಲಿಲ್ಲ. 1947ರ ತಿದ್ದುಪಡಿ ಕೇವಲ ಮೂವತ್ತು ದಿನಗಳ ಕಿಂಡಿಯೊಂದನ್ನು ತೆರೆಯಿತು. ಅಷ್ಟರೊಳಗೆ ವಿವಾಹವಾದವರು ಧನ್ಯರು. 1950ರಲ್ಲಿ ಮತ್ತೊಂದು ಅವಕಾಶ ಬಂದಿತು. ಜಪಾನಿನಲ್ಲಿ ಹುಟ್ಟಿದವರೂ ಅಮೆರಿಕದ ಪೌರರಾಗಬಹುದೆಂದು ಶಾಸನ ಒಪ್ಪಿದ್ದು 1952ರಲ್ಲಿ.

ಮೇಲಧಿಕಾರಿಯ ಅನುಮತಿಯೊಂದೇ ಸಾಲದೆ, ಸೇನೆಯ ಧರ್ಮಗುರುವಿನ ಮುಂದೆಯೂ ವರನು ಹಾಜರಾಗಬೇಕಿತ್ತು. ಯುವಕನ ನಿರ್ಧಾರ ದೃಢವೇ ಎಂದು ಪರೀಕ್ಷಿಸುವುದು ಗುರುವಿನ ಕರ್ತವ್ಯ, ನಿಜ. ಆದರೆ ಅಲ್ಲಿ ಅನೇಕ ವೇಳೆ ಪರೀಕ್ಷೆಗೊಳಗಾದದ್ದು ಅವನ ಪ್ರೀತಿಯಲ್ಲ, ಹುಡುಗಿಯ ಜನಾಂಗ. ಅದೇ ಸೇವೆಯಲ್ಲಿರುವ ನನಗೆ ಇದನ್ನು ಬರೆಯುವಾಗ ಲೇಖನಿ ತಡವರಿಸುತ್ತದೆ. ಇತ್ತ ವಧುವಿನ ಮನೆಯಲ್ಲೂ ಆಶೀರ್ವಾದವಿರಲಿಲ್ಲ. ಎಷ್ಟೋ ತಂದೆಯಂದಿರು ಮಗಳೊಡನೆ ಮಾತು ಬಿಟ್ಟರು.

ಹೊರಡುವ ಮುನ್ನ ಇವರಿಗಾಗಿ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆ ಜಪಾನಿನಲ್ಲಿ ವಧುಶಾಲೆಗಳನ್ನು ನಡೆಸಿತು. ಕೇಕ್ ಬೇಯಿಸುವುದು, ಹಾಸಿಗೆ ಹಾಸುವುದು, ಎತ್ತರದ ಹಿಮ್ಮಡಿಯ ಪಾದರಕ್ಷೆ ಧರಿಸಿ ನಡೆಯುವುದು, ಶಿಶುವಿನ ಆರೈಕೆ ಇವೆಲ್ಲ ಅಲ್ಲಿನ ಪಾಠಗಳು. ಸದುದ್ದೇಶದ ಶಾಲೆಯೇ ಸರಿ. ಆದರೆ ಹುಟ್ಟಲಿರುವ ಮಗುವಿಗೆ ಯಾವ ಭಾಷೆಯಲ್ಲಿ ಜೋಗುಳ ಹಾಡಬೇಕೆಂಬ ಪ್ರಶ್ನೆಗೆ ಕೇಕಿನ ಪಾಠದಲ್ಲಿ ಉತ್ತರವೆಲ್ಲಿ?

ಆ ಪ್ರಶ್ನೆಯನ್ನು ತಾಯಿ ಒಬ್ಬಳೇ ಎದುರಿಸಿದಳು. ಮಕ್ಕಳು ಅಪ್ಪಟ ಅಮೆರಿಕನ್ನರಾಗಿ ಬೆಳೆಯಲೆಂಬ ಹಂಬಲದಿಂದ ಬಹು ಮಂದಿ ತಾಯಂದಿರು ತಮ್ಮ ಭಾಷೆಯನ್ನು ಬಚ್ಚಿಟ್ಟರು. ತಮಗೇ ಅರೆಬರೆ ತಿಳಿದ ಇಂಗ್ಲಿಷಿನಲ್ಲಿ ಮಕ್ಕಳನ್ನು ಮುದ್ದಿಸಿದರು, ಗದರಿಸಿದರು. ಪರಿಣಾಮವೇನೆಂದರೆ, ತಾಯಿಯ ಬಾಲ್ಯ, ಬಾಂಬಿನ ರಾತ್ರಿಗಳು, ಅಜ್ಜ-ಅಜ್ಜಿಯರ ಕಥೆ ಯಾವುದೂ ಮಕ್ಕಳನ್ನು ಮುಟ್ಟಲಿಲ್ಲ. ಮಕ್ಕಳು ಕಂಡದ್ದು ಹೆಚ್ಚು ಮಾತನಾಡದ ಅಮ್ಮನನ್ನು. ಅವಳು ಜಪಾನಿಯಲ್ಲಿ ಎಷ್ಟು ಚುರುಕಾಗಿ ಮಾತನಾಡಬಲ್ಲಳು, ಎಷ್ಟು ಚೆನ್ನಾಗಿ ನಗಿಸಬಲ್ಲಳು ಎಂಬುದು ಅವರಿಗೆ ತಿಳಿದಿರಲಿಲ್ಲ.

ಇಂಥ ತಾಯಂದಿರ ಹೆಣ್ಣುಮಕ್ಕಳಾದ ಮೂವರು ಪತ್ರಕರ್ತೆಯರು 2015ರಲ್ಲಿ ತಮ್ಮ ತಾಯಂದಿರನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ಹೊರತಂದರು. ಏಳು ಬಾರಿ ಬಿದ್ದರೂ ಎಂಟನೆಯ ಬಾರಿ ಏಳು ಎಂಬ ಜಪಾನೀ ಗಾದೆಯೇ ಅದರ ಶೀರ್ಷಿಕೆ. ಅದರಲ್ಲಿ ಕಾಣುವ ತಾಯಿಯೊಬ್ಬಳು 1951ರಲ್ಲಿ ಅತ್ತೆ-ಮಾವಂದಿರನ್ನು ಮೊದಲ ಸಲ ಕಾಣಲು ತನ್ನ ಅಚ್ಚುಮೆಚ್ಚಿನ ಕಿಮೋನೊ ಧರಿಸಿ ಹೋದಳು. ಅದನ್ನು ಬದಲಿಸುವಂತೆ ಅವರು ಹೇಳಿದರು, ಗಂಡನೂ ದನಿಗೂಡಿಸಿದ. ಕಿಮೋನೊ ಬಹು ವರ್ಷ ಪೆಟ್ಟಿಗೆ ಸೇರಿತು. ಅವಳಿಗೆ ಸೂಸಿ ಎಂಬ ಹೊಸ ಹೆಸರನ್ನೂ ಇಟ್ಟರು. ಹೆಸರು ಕೇವಲ ಸಂಕೇತವೆಂದು ತರ್ಕಶಾಸ್ತ್ರದ ತರಗತಿಯಲ್ಲಿ ನಾವು ಓದಿದ್ದುಂಟು. ಆ ಪಾಠವನ್ನು ಈ ತಾಯಿಗೆ ಒಪ್ಪಿಸುವ ಧೈರ್ಯ ನನಗಿಲ್ಲ.

ಸೈನಿಕನ ಸಂಸಾರವೆಂದಮೇಲೆ ನೆಲೆಯೂ ಸ್ಥಿರವಲ್ಲ. ಗಂಡನಿಗೆ ವರ್ಗಾವಣೆಯಾದಲ್ಲೆಲ್ಲ ಪಾತ್ರೆ-ಪಡಗ ಕಟ್ಟಬೇಕು. ಅವನು ಕೊರಿಯಾಕ್ಕೋ ವಿಯೆಟ್ನಾಮಿಗೋ ತೆರಳಿದಾಗ ಪರದೇಶದಲ್ಲಿ ಒಬ್ಬಳೇ ಮಕ್ಕಳನ್ನು ಸಲಹಬೇಕು. ಭಿನ್ನ ಜನಾಂಗದವರ ವಿವಾಹವನ್ನು ನಿಷೇಧಿಸುವ ಕಾನೂನುಗಳು ಹಲವು ರಾಜ್ಯಗಳಲ್ಲಿ 1967ರವರೆಗೂ ಉಳಿದಿದ್ದವು. ಕ್ಯಾನ್ಸಾಸ್ ರಾಜ್ಯದ ಫೋರ್ಟ್ ರೈಲಿ ಸೇನಾನೆಲೆಯ ಪಕ್ಕದ ಜಂಕ್ಷನ್ ಸಿಟಿಯಲ್ಲಿ ಇಂಥ ಕುಟುಂಬಗಳು ಬಹಳವಿದ್ದವು. ಜಪಾನೀ ತಾಯಿ, ಕಪ್ಪು ವರ್ಣೀಯ ಯೋಧನಾಗಿದ್ದ ತಂದೆ ಇವರ ಮಗಳಾದ ವೆಲೀನಾ ಹಾಸು ಹ್ಯೂಸ್ಟನ್ ಬೆಳೆದದ್ದು ಅಲ್ಲಿಯೇ. ಆ ಊರಿನ ಸ್ತ್ರೀಯರ ಮಾತುಗಳನ್ನು ಕೇಳಿ, ಸಂಗ್ರಹಿಸಿ ಅವರು ರಚಿಸಿದ ನಾಟಕ 'ಟೀ' 1987ರಲ್ಲಿ ನ್ಯೂಯಾರ್ಕಿನಲ್ಲಿ ರಂಗವೇರಿತು.

ಕಥೆ ನಡೆಯುವುದು 1968ರಲ್ಲಿ. ಆತ್ಮಹತ್ಯೆ ಮಾಡಿಕೊಂಡ ಗೆಳತಿಯ ಮನೆಯನ್ನು ಶುಚಿಗೊಳಿಸಲು ನಾಲ್ವರು ಜಪಾನೀ ಪತ್ನಿಯರು ಬಂದಿದ್ದಾರೆ. ಅವರಲ್ಲಿ ಪರಸ್ಪರ ಅಸೂಯೆಯೂ ಉಂಟು, ಗಂಡಂದಿರ ಬಣ್ಣದ ಮೇಲೆ ಏರ್ಪಟ್ಟ ಮೇಲು-ಕೀಳೂ ಉಂಟು. ಆದರೂ ಒಟ್ಟಿಗೆ ಕುಳಿತು ಚಹಾ ಕುಡಿಯುತ್ತಾರೆ. ಹಲವು ವರ್ಷಗಳಿಂದ ಹೇಳದೆ ಉಳಿದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಸತ್ತ ಗೆಳತಿ ಅವರ ನಡುವೆಯೇ ಅಲೆಯುತ್ತಾಳೆ. ಈ ನಾಟಕದಲ್ಲಿ ಗಂಡಂದಿರ ಪಾತ್ರಕ್ಕೆ ಬೇರೆ ನಟರಿಲ್ಲ, ಹೆಣ್ಣುಮಕ್ಕಳ ಪಾತ್ರಕ್ಕೂ ಇಲ್ಲ. ತಾಯಿಯಾಗಿ ನಿಂತ ನಟಿಯೇ ದನಿ ಬದಲಿಸಿ ಮಗಳಾಗುತ್ತಾಳೆ. ಅಮ್ಮನಿಗೆ ಎಂದೂ ಒಲಿಯದ ಸಲೀಸಾದ ಇಂಗ್ಲಿಷಿನಲ್ಲಿ ಅಮ್ಮನ ಬಗ್ಗೆ ಮಾತನಾಡುತ್ತಾಳೆ.