ಹಳೆಯ ಯಂತ್ರಕ್ಕೆ ಹೊಸ ಬಾಳು

ಗಣಕಯಂತ್ರಕ್ಕೆ ಎರಡು ಅಂಗಗಳುಂಟು. ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳು ಯಂತ್ರಾಂಶ. ಅವುಗಳನ್ನು ದುಡಿಸುವ ಆಜ್ಞೆಗಳ ಸಮೂಹವು ತಂತ್ರಾಂಶ. ತಂತ್ರಾಂಶಗಳಲ್ಲಿ ಪ್ರಧಾನವಾದುದು ಕಾರ್ಯಾಚರಣ ವ್ಯವಸ್ಥೆ. ಕೀಲಿಮಣೆ, ಪರದೆ, ಸ್ಮೃತಿಕೋಶ ಮೊದಲಾದವುಗಳನ್ನು ಹೊಂದಿಸಿ ನಡೆಸುವ ಹೊಣೆ ಅದರದು.

ಅನೇಕ ವೇಳೆ ಯಂತ್ರಕ್ಕಿಂತ ಮೊದಲೇ ಅದರ ವ್ಯವಸ್ಥೆಗೆ ಮುಪ್ಪು ಬರುತ್ತದೆ. 2015ರಲ್ಲಿ ಹೊರಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಮುಂದಿನ ವಿಂಡೋಸ್ 11 ಹೊಸ ಪೀಳಿಗೆಯ ಪ್ರೊಸೆಸರನ್ನೂ ವಿಶೇಷ ಭದ್ರತಾ ಘಟಕವನ್ನೂ ಬೇಡುತ್ತದೆ. ಇಂತಹ ಕಾರಣಗಳಿಂದ, ಸುಸ್ಥಿತಿಯಲ್ಲಿರುವ ಲ್ಯಾಪ್‌ಟಾಪುಗಳೂ ಮೂಲೆ ಸೇರುತ್ತವೆ. ಇಲ್ಲವೆ ಅಲ್ಪ ಬೆಲೆಗೆ ಮಾರಾಟವಾಗುತ್ತವೆ.

ಇವುಗಳಿಗೆ ಮರುಜೀವ ನೀಡಬಲ್ಲುದು ಲಿನಕ್ಸ್. ಯಾರು ಬೇಕಾದರೂ ಬಳಸಿ, ಅಭ್ಯಸಿಸಿ, ತಿದ್ದಿ, ಹಂಚಬಹುದಾದ 'ಗ್ನೂ' ಎಂಬ ವ್ಯವಸ್ಥೆಯನ್ನು ಕಟ್ಟುವ ಸಂಕಲ್ಪವನ್ನು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದರು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಎಂಬ ತಿರುಳನ್ನು ರಚಿಸಿದರು. ಇವೆರಡೂ ಕೂಡಿ ಪೂರ್ಣ ವ್ಯವಸ್ಥೆಯಾಯಿತು. ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಇದರ ವಿವಿಧ ರೂಪಗಳು. ಇವುಗಳನ್ನು ಪಡೆಯಲು ಹಣ ತೆರಬೇಕಾಗಿಲ್ಲ. ಅಲ್ಪ ಶಕ್ತಿಯ ಯಂತ್ರಗಳಿಗೆಂದೇ ಹಗುರವಾದ ಆವೃತ್ತಿಗಳೂ ಉಂಟು. ಇವುಗಳಲ್ಲಿ ಕನ್ನಡವನ್ನು ಓದಲೂ ಬರೆಯಲೂ ಅನುಕೂಲವಿದೆ.

ಹಳೆಯ ಲ್ಯಾಪ್‌ಟಾಪನ್ನು ಕೊಳ್ಳುವವರು ಪರದೆ, ಕೀಲಿಗಳು, ತಿರುಗಣೆ, ಬ್ಯಾಟರಿಗಳನ್ನು ಪರೀಕ್ಷಿಸಬೇಕು; ಕಳವಿನ ಮಾಲಲ್ಲವೆಂಬುದಕ್ಕೆ ರಸೀದಿ ಪಡೆಯಬೇಕು. ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಧ್ವನಿ, ವೈಫೈ ಮುಂತಾದವು ಸರಿಯಾಗಿವೆಯೇ ಎಂದು ಮೊದಲೇ ತಿಳಿಯಬಹುದು. ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆ ತಿರುಗಿ, ಮುಳ್ಳು ಚಲಿಸಿ ಮಾಹಿತಿಯನ್ನು ಹುಡುಕಬೇಕಾದುದರಿಂದ ಕೆಲಸ ನಿಧಾನ. ಅದರ ಬದಲು ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಯನ್ನು ಅಳವಡಿಸಿದರೆ ಯಂತ್ರವು ಚುರುಕಾಗುತ್ತದೆ.

ಇದಕ್ಕೂ ಮಿತಿಯುಂಟು. ವಿಂಡೋಸಿಗೆಂದೇ ರಚಿತವಾದ ಕೆಲವು ತಂತ್ರಾಂಶಗಳು ಲಿನಕ್ಸಿನಲ್ಲಿ ನಡೆಯವು. ಆದರೆ ಓದು, ಬರಹ, ಲೆಕ್ಕ, ಕ್ರಮವಿಧಿ ರಚನೆಯ ಕಲಿಕೆಗಳಿಗೆ ಕೊರತೆಯಿಲ್ಲ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಸಂದುದಾಗಿ ದಾಖಲಾದುದು ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಉಳಿದುದರಲ್ಲಿರುವ ಸೀಸ, ಪಾದರಸಗಳಂತಹ ವಿಷವಸ್ತುಗಳು ನೆಲಜಲಗಳನ್ನು ಸೇರುವ ಭಯವಿದೆ. ದುಡಿಯಬಲ್ಲ ಯಂತ್ರವನ್ನು ಕಸವೆಂದು ಎಸೆಯುವ ಮುನ್ನ, ಅದು ಯಾವ ಬಡ ವಿದ್ಯಾರ್ಥಿಯ ಕಲಿಕೆಗೆ ಒದಗೀತೆಂದು ಯೋಚಿಸುವುದು ವಿವೇಕಿಗಳ ಲಕ್ಷಣ.