ಕೊನೆಯ ಮನೆಯ ಪಾಳಿ

1617ರ ಆಗಸ್ಟ್ ತಿಂಗಳ ಒಂದು ಭಾನುವಾರ. ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನ ಚರ್ಚಿನಲ್ಲಿ ಬಲಿಪೂಜೆಗೆ ಸಿದ್ಧರಾಗುತ್ತಿದ್ದ ಗುರು ವಿನ್ಸೆಂಟ್ ದಿ ಪೌಲ್ ಅವರಿಗೆ ಒಂದು ಸುದ್ದಿ ಮುಟ್ಟಿತು. ಊರ ಹೊರಗಿನ ಮನೆಯೊಂದರಲ್ಲಿ ಇದ್ದವರೆಲ್ಲ ಕಾಯಿಲೆ ಬಿದ್ದಿದ್ದಾರೆ, ಆರೈಕೆಗೆ ಯಾರೂ ಇಲ್ಲ. ಪ್ರಬೋಧನೆಯಲ್ಲಿ ಅವರು ಆ ಮನೆಯ ಸ್ಥಿತಿಯನ್ನೇ ಹೇಳಿದರು. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ತಾವೂ ಅತ್ತ ಹೊರಟರೆ ದಾರಿಯುದ್ದಕ್ಕೂ ಜನ. ಕೆಲವರು ಬುತ್ತಿ ಹೊತ್ತು ಹೋಗುತ್ತಿದ್ದರು, ಕೆಲವರು ಕೊಟ್ಟು ಮರಳುತ್ತಿದ್ದರು, ಸೆಕೆ ತಾಳಲಾರದೆ ಕೆಲವರು ದಾರಿಬದಿಯಲ್ಲಿ ಕೂತಿದ್ದರು.

ನೋಡಿ ಅವರಿಗೆ ಸಂತೋಷವಾಯಿತು, ಜೊತೆಗೇ ಚಿಂತೆಯೂ. ಇಷ್ಟೆಲ್ಲ ಆಹಾರ ಒಂದೇ ದಿನ ಬಂದರೆ ಅದರಲ್ಲಿ ಒಂದಿಷ್ಟು ಕೆಡುವುದು ಖಂಡಿತ. ನಾಲ್ಕು ದಿನ ಕಳೆದರೆ ಮನೆ ಮತ್ತೆ ಹಸಿದಿರುತ್ತದೆ. ಆ ಊರಿನಲ್ಲಿ ಕರುಣೆ ಬೇಕಾದಷ್ಟಿತ್ತು, ಪಾಳಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಊರಿನ ಹೆಂಗಸರನ್ನು ಕೂಡಿಸಿ, ದಿನಕ್ಕೊಬ್ಬರಂತೆ ಸರದಿ ಗೊತ್ತುಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ ಈ ಹೆಂಗಸರ ಸಂಘದ ನಿಯಮಾವಳಿಗೆ ಚರ್ಚಿನ ಮೇಲಧಿಕಾರಿಗಳ ಒಪ್ಪಿಗೆಯೂ ಸಿಕ್ಕಿತು.

ನಾನೂರು ವರ್ಷಗಳ ಮೇಲೂ ಚರ್ಚುಗಳ ಸಭಾಂಗಣದಲ್ಲಿ ಇದೇ ಪ್ರಶ್ನೆ ಪ್ರತಿವರ್ಷ ಎದುರಾಗುತ್ತದೆ. ಕೈಜೋಡಿಸುವ ಮನಸ್ಸಿರುವವರು ಇಷ್ಟು ಮಂದಿ, ಅವರ ಬಿಡುವು ಇಷ್ಟು. ಈ ವರ್ಷ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬೇಕು?

ಕರಾವಳಿಯ ಕಥೋಲಿಕ್ ಚರ್ಚುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದು ಪಾಲನಾ ಮಂಡಳಿ. ಮಂಗಳೂರು, ಉಡುಪಿ ಧರ್ಮಪ್ರಾಂತಗಳ ಚರ್ಚುಗಳಲ್ಲಿ ಮಂಡಳಿಯ ಉಪಾಧ್ಯಕ್ಷರು, ಕಾರ್ಯದರ್ಶಿ, ಇಪ್ಪತ್ತರಷ್ಟು ಆಯೋಗಗಳು, ಅವಕ್ಕೊಬ್ಬ ಸಂಯೋಜಕರು ಇರುತ್ತಾರೆ. ಧರ್ಮಶಿಕ್ಷಣ, ಪೂಜಾವಿಧಿ, ಕುಟುಂಬ, ಯುವಜನ, ಆರೋಗ್ಯ, ಪರಿಸರ, ಧರ್ಮಗಳ ನಡುವಿನ ಸೌಹಾರ್ದ ಎಂದು ಆಯೋಗಗಳ ಹೆಸರು ಸಾಗುತ್ತದೆ. ಇವುಗಳ ಜೊತೆಗೆ ಗಾಯನ ಮಂಡಳಿ, ಸ್ತ್ರೀ ಸಂಘಟನೆ, ಕಥೋಲಿಕ್ ಸಭಾ, ಯುವಜನರ ಐಸಿವೈಎಂ, ವಿನ್ಸೆಂಟ್ ದಿ ಪೌಲ್ ಸಭೆ. ಇಡೀ ಊರನ್ನು ವಾಳೆಗಳಾಗಿ ವಿಂಗಡಿಸಿ, ವಾಳೆಗೊಬ್ಬ ಗುರಿಕಾರರನ್ನು ನೇಮಿಸಿರುತ್ತಾರೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಚರ್ಚುಗಳಲ್ಲಿ ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಅದೇ: ಸಭಾ ಸಮಿತಿ, ಸಂಡೇ ಸ್ಕೂಲ್, ಯೌವನಸ್ಥರ ಕೂಟ, ಸ್ತ್ರೀಯರ ಕೂಟ. ಇವೆಲ್ಲವುಗಳಲ್ಲಿ ದುಡಿಯುವ ಬಹುತೇಕರಿಗೆ ಸಂಬಳವಿಲ್ಲ.

ಹೊಸ ವರ್ಷದ ಯೋಜನೆ ಎಂದು ಕೂತಾಗ ಸಾಮಾನ್ಯವಾಗಿ ಆಗುವುದು ಕ್ಯಾಲೆಂಡರ್ ತುಂಬುವ ಕೆಲಸ. ವಾರ್ಷಿಕ ಹಬ್ಬ, ತಪಸ್ಸುಕಾಲ, ಬೇಸಿಗೆ ಶಿಬಿರ, ಜೂನ್‌ನಲ್ಲಿ ಧರ್ಮಶಿಕ್ಷಣದ ಆರಂಭ, ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಹೊಸ ತೆನೆ, ಡಿಸೆಂಬರ್‌ನಲ್ಲಿ ಗೋದಲಿ. ಹೋದ ವರ್ಷದ ಹಾಳೆಯ ಮೇಲೆ ದಿನಾಂಕ ತಿದ್ದಿದರೆ ಸಭೆ ಮುಗಿಯಿತು. ಹಬ್ಬಗಳು ಬೇಕು, ಅವಿಲ್ಲದೆ ಊರು ಒಂದೆಡೆ ಸೇರುವುದಿಲ್ಲ. ಆದರೆ ಹಬ್ಬಗಳಿಗೆ ತಮ್ಮದೇ ದಿನಾಂಕವಿದೆ, ಯಾರೂ ನೆನಪಿಸದಿದ್ದರೂ ಬರುತ್ತವೆ. ಹಾಸಿಗೆ ಹಿಡಿದ ಅಜ್ಜಿಗೆ ಕ್ಯಾಲೆಂಡರಿನಲ್ಲಿ ದಿನಾಂಕವಿಲ್ಲ. ಅವರ ಹೆಸರನ್ನು ಯಾರಾದರೂ ಬೇಕೆಂದೇ ಬರೆಯಬೇಕು.

ಸಮಯದ ಒಂದು ಲೆಕ್ಕ ಹಾಕಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಚರ್ಚಿನಲ್ಲಿ 30 ಮಂದಿ ವಾರಕ್ಕೆ ಎರಡು ಗಂಟೆ ಕೊಡುತ್ತಾರೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 50 ವಾರ ಹಿಡಿದರೆ 3,000 ಗಂಟೆ. ಗಾಯನ ಮಂಡಳಿಯ 15 ಜನರ ಅಭ್ಯಾಸ ಮತ್ತು ಹಾಡಿಗೆ 1,500 ಗಂಟೆ ಹೋಯಿತು. ಹತ್ತು ಮಂದಿ ಧರ್ಮಶಿಕ್ಷಣ ಶಿಕ್ಷಕರು 40 ಭಾನುವಾರ ಕಲಿಸಿದರೆ 800 ಗಂಟೆ. ಉಳಿದದ್ದು 700. ಹಬ್ಬದ ಚಪ್ಪರ, ಲೆಕ್ಕಪತ್ರ, ಸ್ವಚ್ಛತೆ, ರಕ್ತದಾನ ಶಿಬಿರ, ಎಲ್ಲವೂ ಈ 700ರೊಳಗೆ ಆಗಬೇಕು. ಈಗ ಯಾರೋ ಒಬ್ಬರು ಎದ್ದು, ಒಂಟಿಯಾಗಿರುವ 20 ವೃದ್ಧರ ಮನೆಗೆ ವಾರಕ್ಕೊಮ್ಮೆ ಹೋಗೋಣ ಎನ್ನುತ್ತಾರೆ. ಓಡಾಟ ಸೇರಿ ಒಂದು ಗಂಟೆ ಎಂದರೂ ವರ್ಷಕ್ಕೆ 1,000 ಗಂಟೆ ಬೇಕು. ಎಲ್ಲರೂ ಚಪ್ಪಾಳೆ ತಟ್ಟಿ ಠರಾವು ಪಾಸು ಮಾಡುತ್ತಾರೆ. ಮೂರನೆಯ ತಿಂಗಳಿಗೆ ಭೇಟಿ ನಿಂತುಹೋಗುತ್ತದೆ. ಯಾರ ಮನಸ್ಸೂ ಕೆಟ್ಟದ್ದಲ್ಲ. ಇಲ್ಲದ ಗಂಟೆಗಳನ್ನು ಹಂಚಿದ್ದರಷ್ಟೆ. ಭೇಟಿಯನ್ನು ಹದಿನೈದು ದಿನಕ್ಕೊಮ್ಮೆ ಇಟ್ಟರೆ 500 ಗಂಟೆಯಲ್ಲಿ ಆದೀತು. ವಾರಕ್ಕೊಮ್ಮೆ ಆಗಲೇಬೇಕೆಂದರೆ ಬೇರೆ ಯಾವುದೋ ಒಂದು ಕೆಲಸ ಚಿಕ್ಕದಾಗಬೇಕು. ಆದ್ಯತೆ ಗೊತ್ತುಮಾಡುವುದು ಎಂದರೆ ಆ ಚಿಕ್ಕದಾಗುವ ಕೆಲಸದ ಹೆಸರನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವುದು.

ಈ ಲೆಕ್ಕದಲ್ಲಿ 30 ಮಂದಿ ಎಂದದ್ದೂ ಉದಾರವೇ. ಹಾಡುವ ಟೀಚರೇ ಧರ್ಮಶಿಕ್ಷಣ ಕಲಿಸುತ್ತಾರೆ, ಅವರೇ ಹಬ್ಬದ ಊಟದ ಕೂಪನ್ ಹಂಚುತ್ತಾರೆ. ಹಲವು ಚರ್ಚುಗಳಲ್ಲಿ ಹೆಸರು ಮೂವತ್ತಿದ್ದರೂ ಹೆಗಲು ಹತ್ತೇ. ದಣಿದವರು ದೂರು ಹೇಳುವುದಿಲ್ಲ. ಒಂದು ದಿನ ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ.

ಕ್ರೈಸ್ತ ಸಭೆಗೆ ಈ ಇಕ್ಕಟ್ಟು ಹುಟ್ಟಿನಿಂದಲೇ ಬಂದದ್ದು. ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಮೊದಲ ಸಭೆಯೊಳಗೆ ಗೊಣಗಾಟ ಏಳುತ್ತದೆ. ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬುದು ದೂರು. ಹನ್ನೆರಡು ಅಪೊಸ್ತಲರು ತಾವೇ ಬಡಿಸಲು ನಿಲ್ಲಲಿಲ್ಲ, ದೂರನ್ನು ಅದುಮಲೂ ಇಲ್ಲ. ಇಡೀ ಸಭೆಯನ್ನು ಕರೆದು, ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಆರಿಸಿಬಂದ ಸ್ತೆಫನ, ಫಿಲಿಪ್ಪ ಮೊದಲಾದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಯಾರ ಪಾಲು ತಪ್ಪಿತ್ತೋ ಆ ಕಡೆಯವರ ಕೈಗೇ ಹಂಚುವ ಸೌಟು ಬಂದಂತಾಯಿತು. ಯೋಜನೆಯ ಸಭೆಗೆ ಯಾರನ್ನು ಕರೆಯಬೇಕು ಎನ್ನುವವರು ಈ ಪಟ್ಟಿಯನ್ನೊಮ್ಮೆ ಓದಬೇಕು.

ಇನ್ನೊಂದು ಪ್ರಸಂಗ ಇಂಗ್ಲೆಂಡಿನ ಬ್ರಿಸ್ಟಲ್‌ನದು. 1742ರ ಫೆಬ್ರವರಿಯಲ್ಲಿ ಜಾನ್ ವೆಸ್ಲಿಯ ಮೆಥಡಿಸ್ಟರು ತಮ್ಮ ಪ್ರಾರ್ಥನಾ ಕಟ್ಟಡದ ಸಾಲ ತೀರಿಸುವುದು ಹೇಗೆಂದು ಕೂತಿದ್ದರು. ತಲೆಗೆ ವಾರಕ್ಕೊಂದು ಪೆನ್ನಿ ಕೊಟ್ಟರಾಯಿತು ಎಂದರು ಫೋಯ್ ಎಂಬ ನಾವಿಕ ಕ್ಯಾಪ್ಟನ್. ಬಡವರಿಗೆ ಅಷ್ಟೂ ಆಗದು ಎಂಬ ಮಾತು ಬಂತು. ಹಾಗಾದರೆ ಕಡುಬಡವರಾದ ಹನ್ನೊಂದು ಮಂದಿಯನ್ನು ನನ್ನ ಪಾಲಿಗೆ ಕೊಡಿ, ವಾರವಾರ ಅವರ ಮನೆಗೆ ಹೋಗುತ್ತೇನೆ, ಅವರು ಕೊಡಲಾಗದ್ದನ್ನು ನಾನೇ ತುಂಬುತ್ತೇನೆ ಎಂದರು ಕ್ಯಾಪ್ಟನ್. ಉಳಿದವರೂ ಹನ್ನೊಂದು ಹನ್ನೊಂದು ಮಂದಿಯನ್ನು ಹಂಚಿಕೊಂಡರು. ಪೆನ್ನಿ ಎತ್ತಲು ಹೋದವರಿಗೆ ಮನೆಗಳ ಒಳಗಿನ ಬದುಕು ಕಂಡಿತು. ಜನರನ್ನು ನೋಡಿಕೊಳ್ಳಲು ತಾನು ಹುಡುಕುತ್ತಿದ್ದ ದಾರಿ ಇದೇ ಎಂದು ವೆಸ್ಲಿಗೆ ಹೊಳೆಯಿತು. ಮೆಥಡಿಸ್ಟರ ಬೆನ್ನೆಲುಬಾದ ಚಿಕ್ಕ ಕೂಟಗಳು ಹುಟ್ಟಿದ್ದು ಹೀಗೆ.  ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರಲ್ಲಿ ಸಿಎಸ್‌ಐ ಒಳಗೆ ಸೇರಿದವು.

ಕಟ್ಟಡದ ಸಾಲ ಮತ್ತು ಮನುಷ್ಯರ ಆರೈಕೆ ಒಂದನ್ನೊಂದು ಕಡಿಯಲೇಬೇಕೆಂದಿಲ್ಲ ಎನ್ನುವುದಕ್ಕೆ ಬ್ರಿಸ್ಟಲ್ ಒಳ್ಳೆಯ ಸಾಕ್ಷಿ. ಹಬ್ಬದ ವಂತಿಗೆ ಎತ್ತಲು ಮನೆಮನೆಗೆ ಹೋಗುವ ಗುರಿಕಾರರು ರಸೀದಿ ಪುಸ್ತಕದ ಜೊತೆಗೆ ಒಂದು ನೋಟ್‌ಬುಕ್ ಒಯ್ದರೆ ಸಾಕು: ಯಾರು ಒಬ್ಬರೇ ಇದ್ದಾರೆ, ಯಾರಿಗೆ ನಡೆಯಲಾಗುತ್ತಿಲ್ಲ, ಯಾವ ಮಗು ಶಾಲೆ ಬಿಟ್ಟಿದೆ. ಮಕ್ಕಳು ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದು, ತಾಯಿ ಮಾತ್ರ ಹೆಂಚಿನ ಮನೆಯಲ್ಲಿ ಉಳಿದಿರುವುದು ಕರಾವಳಿಯಲ್ಲಿ ಸಾಮಾನ್ಯ. ಗುರಿಕಾರರಿಗೆ ಇದೆಲ್ಲ ಗೊತ್ತಿರುತ್ತದೆ. ಅದು ಪಾಲನಾ ಮಂಡಳಿಯ ಮೇಜಿನ ಮೇಲೆ ಕಾಗದವಾಗಿ ಬರುವುದಿಲ್ಲ, ಅಷ್ಟೇ.

ಗುರಿ ಒಂದೇ ಆಗಿ ಸ್ಪಷ್ಟವಿದ್ದರೆ ಏನಾಗಬಹುದು ಎಂಬುದನ್ನು ಬೆಂಗಳೂರು ಕಂಡಿದೆ. 2020ರಲ್ಲಿ ಕೋವಿಡ್‌ನಿಂದ ಸತ್ತವರ ಹತ್ತಿರ ಹೋಗಲು ಬಂಧುಗಳೇ ಅಂಜುತ್ತಿದ್ದಾಗ, ಬೆಂಗಳೂರು ಮಹಾಧರ್ಮಪ್ರಾಂತದ ಸ್ವಯಂಸೇವಕರು ‘ಹಿಯರ್ ಐ ಆಮ್’ ಹೆಸರಿನಲ್ಲಿ ಒಟ್ಟಾಗಿ, ಜಾತಿ ಧರ್ಮ ನೋಡದೆ ಅಂತ್ಯಸಂಸ್ಕಾರಕ್ಕೆ ನಿಂತರು. ಆ ದಿನಗಳಲ್ಲಿ ಅದಕ್ಕಿಂತ ಮೊದಲಾಗಬೇಕಾದ ಕೆಲಸ ಬೇರೆ ಇರಲಿಲ್ಲ.

ನಿರ್ಧಾರ ಯಾರದು ಎಂಬುದೂ ಸಣ್ಣ ಪ್ರಶ್ನೆಯಲ್ಲ. 1983ರ ಕಥೋಲಿಕ್ ಧರ್ಮಸಂಹಿತೆಯ ಪ್ರಕಾರ ಪ್ರತಿ ಚರ್ಚಿಗೂ ಹಣಕಾಸು ಸಮಿತಿ ಕಡ್ಡಾಯ. ಪಾಲನಾ ಮಂಡಳಿ ಮಾತ್ರ ಧರ್ಮಾಧ್ಯಕ್ಷರು ಬೇಕೆಂದರೆ. ಅದರದು ಸಲಹೆಯ ಮತವಷ್ಟೆ. ಹಣ ನೋಡಲು ಕಡ್ಡಾಯವಾಗಿ ಜನ ಬೇಕು, ಸೇವೆಯ ದಾರಿ ನೋಡಲು ಐಚ್ಛಿಕ ಎಂಬಂತಾಗಿತ್ತು. 2024ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ಮುಗಿದ ಸಿನೊಡ್‌ನ (ಧರ್ಮಾಧ್ಯಕ್ಷರ ಮಹಾಸಭೆಯ) ಅಂತಿಮ ದಾಖಲೆ ಇಂಥ ಮಂಡಳಿಗಳನ್ನೂ ಕಡ್ಡಾಯ ಮಾಡಬೇಕೆಂದು ಒತ್ತಾಯಿಸಿದೆ. ಗುರುಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಇದ್ದದ್ದೇ. ಯೋಜನೆ ಗುರುಗಳ ತಲೆಯಲ್ಲಷ್ಟೇ ಇದ್ದರೆ ಅವರ ಪೆಟ್ಟಿಗೆಯ ಜೊತೆ ಅದೂ ಹೊರಡುತ್ತದೆ. ಮಂಡಳಿಯ ನಡಾವಳಿ ಪುಸ್ತಕದಲ್ಲಿ ಇದ್ದರೆ ಊರಲ್ಲಿ ಉಳಿಯುತ್ತದೆ.

ಮಕ್ಕಳ ಸುರಕ್ಷೆ ಮತ್ತು ಹಣದ ಲೆಕ್ಕ ಮಾತ್ರ ಆದ್ಯತೆಯ ಚರ್ಚೆಗೆ ಬರುವ ವಿಷಯಗಳೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಅರಿವು ಕೊಡದೆ ಯಾರನ್ನೂ ಮಕ್ಕಳ ತರಗತಿಗೆ ಕಳಿಸಬಾರದು, ಶಿಕ್ಷಕರು ಎಷ್ಟೇ ಕಡಿಮೆ ಇರಲಿ.

ಹೆಚ್ಚು ಕಷ್ಟವಾಗುವುದು ಒಂದು ಸಂಘವನ್ನು ನಿಲ್ಲಿಸುವಾಗ. ಅದನ್ನು ಕಟ್ಟಿದವರು ಇನ್ನೂ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರ ಎದುರಿಗೆ ‘ರದ್ದು’ ಎಂಬ ಮಾತು ಆಡಬೇಕಾಗಿಲ್ಲ. ಈ ಒಂದು ವರ್ಷ ವಿಶ್ರಾಂತಿ ಎಂದು ಬರೆದು, ಪೂಜೆಯ ಕೊನೆಯಲ್ಲಿ ಅವರನ್ನು ನಿಲ್ಲಿಸಿ ಕೃತಜ್ಞತೆ ಹೇಳಿ, ಅವರಲ್ಲಿ ಇಬ್ಬರನ್ನು ಹೊಸ ಕೆಲಸಕ್ಕೆ ಕೇಳಬಹುದು. ಹೊಸ ಕೆಲಸಗಳೂ ಎರಡೋ ಮೂರೋ ಇದ್ದರೆ ಸಾಕು. ಪ್ರತಿಯೊಂದರ ಎದುರು ಒಬ್ಬರ ಹೆಸರು, ಒಂದು ದಿನ, ಒಂದು ಮೊತ್ತ ಇರಬೇಕು. ವರ್ಷದ ನಡುವೆ ಒಮ್ಮೆ ಆ ಹಾಳೆಯನ್ನು ತೆಗೆದು ನೋಡಬೇಕು.

ವಿನ್ಸೆಂಟರ ನಿಯಮಾವಳಿಯ ಹಾಳೆಯಲ್ಲಿ ಇನ್ನೂ ಸೂಕ್ಷ್ಮ ವಿವರಗಳಿದ್ದವು. ಸರದಿಯ ದಿನ ಅಡುಗೆ ಮಾಡುವುದು, ಒಯ್ಯುವುದು, ರೋಗಿಗೆ ನಗುಮುಖದಿಂದ ನಮಸ್ಕರಿಸಿ ಊಟ ಇಡುವುದು, ಎಲ್ಲವೂ ಬರೆದಿತ್ತು. ಮನೆಗಳ ಕ್ರಮವೂ ಬರೆದಿತ್ತು. ಜೊತೆಗೆ ಯಾರಾದರೂ ಇರುವ ರೋಗಿಯ ಮನೆಯಿಂದ ಹೊರಟು, ಒಬ್ಬರೇ ಇರುವವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಅಲ್ಲಿ ಹೆಚ್ಚು ಹೊತ್ತು ಕೂತಿರಲು ಆಗಲಿ ಎಂದು.